ಎಪ್ಪತ್ತನೆಯವನು: ರೆಕ್ಕೆ ಕುದುರೆಯ ಸೀರ್

ಮೊದಲು ಹೆಸರಿನ ತೊಡಕು ಬಿಡಿಸಿಕೊಳ್ಳೋಣ. ಇಂಗ್ಲಿಷ್ ಅಕ್ಷರಗಳನ್ನು ಇದ್ದ ಹಾಗೇ ಕನ್ನಡಕ್ಕಿಳಿಸಿದರೆ ಈ ದೆವ್ವದ ಹೆಸರು ‘ಸೀರೆ’ ಆಗುತ್ತದೆ. ಇನ್ನೊಂದು ಕಾಗುಣಿತ ಹಿಡಿದರೆ ‘ಸೇರ್’, ಅಂದರೆ ಅಕ್ಕಿ ಅಳೆಯುವ ಸೇರು. ಎರಡೂ ಬೇಡ, ‘ಸೀರ್’ ಎಂದಿಟ್ಟುಕೊಳ್ಳೋಣ. ‘ದೆವ್ವ’ ಅನ್ನುವ ಪದವೂ ಅರೆಮನಸ್ಸಿನದೇ. ಭೂತ ಎನ್ನೋಣವೆಂದರೆ ಕರಾವಳಿಯವರಿಗೆ ಭೂತ ಅಂದರೆ ಕೋಲ ಕೊಟ್ಟು ಕೈಮುಗಿಯುವ ದೈವ. ಸೀರ್ ಆ ಜಾತಿಯವನಲ್ಲ.

ಇವನ ವಿಳಾಸ ‘ಲೆಮೆಗೆಟನ್’. 17ನೇ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ರೂಪುಗೊಂಡ, ಐದು ಭಾಗಗಳ ಮಂತ್ರವಾದದ ಕೈಪಿಡಿ. ಇಂಥ ಕೈಪಿಡಿಗಳಿಗೆ ಯುರೋಪಿನಲ್ಲಿ ಗ್ರಿಮ್ವಾರ್ ಎನ್ನುತ್ತಾರೆ. ಅದರ ಮೊದಲ ಭಾಗವಾದ ‘ಆರ್ಸ್ ಗೊಯೆಟಿಯಾ’ದಲ್ಲಿ ಬೈಬಲಿನ ಸೊಲೊಮನ್ ರಾಜ ಕಟ್ಟಿಹಾಕಿದನೆನ್ನುವ 72 ದೆವ್ವಗಳ ಪಟ್ಟಿ ಇದೆ. ಪ್ರತಿಯೊಬ್ಬನಿಗೂ ಒಂದು ದರ್ಜೆ, ಒಂದು ರೂಪ, ಒಂದು ಕಸುಬು, ಇಷ್ಟು ದಂಡು, ಒಂದು ಮುದ್ರೆ. ಸೀರ್ 70ನೆಯವನು.

ಅವನ ಬಗ್ಗೆ ಇರುವುದು ಆರೇಳು ಸಾಲು. ಪೂರ್ವ ದಿಕ್ಕಿನ ಅರಸ ಅಮೈಮೊನ್‌ನ ಕೈಕೆಳಗಿನ ಪ್ರಿನ್ಸ್. ರೆಕ್ಕೆಯುಳ್ಳ ಕುದುರೆಯ ಮೇಲೆ ಚೆಲುವ ಗಂಡಸಿನ ರೂಪದಲ್ಲಿ ಬರುತ್ತಾನೆ. ಹೋಗಿಬರುವುದೇ ಅವನ ಕೆಲಸ: ಯಾವ ವಸ್ತುವನ್ನಾದರೂ ಹೇಳಿದ ಕಡೆಗೆ ಒಯ್ಯುವುದು, ಹೇಳಿದ ಕಡೆಯಿಂದ ತರುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಭೂಮಂಡಲ ಸುತ್ತಬಲ್ಲ. ಕಳವಾದದ್ದರ ಬಗ್ಗೆ, ಹೂತಿಟ್ಟ ನಿಧಿಯ ಬಗ್ಗೆ ನಿಜವಾದ ವರ್ತಮಾನ ಕೊಡುತ್ತಾನೆ. 26 ಲೀಜನ್ ದಂಡಿಗೆ ಒಡೆಯ. ಲೀಜನ್ ಅಂದರೆ 6666 ಎಂದು ಹಳೆಯ ಪಟ್ಟಿಯೊಂದರ ಲೆಕ್ಕ. ಹಾಗೆ ನೋಡಿದರೆ 1,73,316 ಆಳುಗಳು.

ಈ ಸಾಲುಗಳಲ್ಲಿ ಒಂದು ಕಡೆ ಈಗಿನ ಓದುಗರು ಖಂಡಿತ ಎಡವುತ್ತಾರೆ. ಸೀರ್‌ನ ಸ್ವಭಾವವನ್ನು ಹೇಳುವಾಗ ಪುಸ್ತಕ ‘ಇಂಡಿಫರೆಂಟ್’ ಎಂಬ ಪದದ ಜೊತೆ ‘ಒಳ್ಳೆಯ ಸ್ವಭಾವ’ ಎಂದು ಸೇರಿಸುತ್ತದೆ. ಈಗಿನ ಇಂಗ್ಲಿಷಿನ ಅರ್ಥ ಹಿಡಿದು ಅನೇಕರು ಇವನನ್ನು ಉದಾಸೀನ, ಯಾರನ್ನೂ ಲೆಕ್ಕಿಸದವನು ಎಂದು ಬರೆಯುತ್ತಾರೆ. 17ನೇ ಶತಮಾನದಲ್ಲಿ ಆ ಪದಕ್ಕೆ ‘ತಕ್ಕಮಟ್ಟಿಗೆ’ ಎಂಬ ಅರ್ಥವೂ ಇತ್ತು. ತಕ್ಕಮಟ್ಟಿಗೆ ಒಳ್ಳೆಯವನು, ಅಷ್ಟೇ. ಅದೇ ವಾಕ್ಯ ಮುಂದುವರಿದು, ಹೇಳಿದ್ದನ್ನು ಮಾಡಲು ಸಿದ್ಧನಿದ್ದಾನೆ ಎನ್ನುತ್ತದೆ. ಅದನ್ನು ಓದಿದ ಮೇಲೂ ಉದಾಸೀನ ಎನ್ನುವುದು ಹೇಗೋ ಕಾಣೆ.

ಇನ್ನು ಇವನು ಬಂದದ್ದೆಲ್ಲಿಂದ? ಪಟ್ಟಿಯ ಬೇರು 1577ರಲ್ಲಿದೆ. ಯೋಹಾನ್ ವೈಯರ್ ಎಂಬ ವೈದ್ಯ, ಮಾಟಗಾತಿಯರೆಂದು ಹೆಂಗಸರನ್ನು ಸುಡುವುದನ್ನು ವಿರೋಧಿಸಿ ಬರೆದ ದೊಡ್ಡ ಗ್ರಂಥಕ್ಕೆ ಅನುಬಂಧವಾಗಿ ಲ್ಯಾಟಿನ್‌ನಲ್ಲಿ ದೆವ್ವಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ಅದರಲ್ಲಿ 69 ಹೆಸರು. ಯಾರೂ ಪ್ರಯೋಗಕ್ಕೆ ಬಳಸದಿರಲೆಂದು ಬೇಕೆಂದೇ ಕೆಲವು ಭಾಗ ಬಿಟ್ಟಿದ್ದೇನೆಂದು ಅವನೇ ಹೇಳಿಕೊಂಡಿದ್ದಾನೆ. ಮುದ್ರೆಗಳಂತೂ ಅಲ್ಲಿಲ್ಲ. 1584ರಲ್ಲಿ ರೆಜಿನಾಲ್ಡ್ ಸ್ಕಾಟ್ ಇದನ್ನು ಇಂಗ್ಲಿಷಿಗೆ ತಂದ. ತರುವಾಗ ಪ್ರುಫ್ಲಾಸ್ ಎಂಬ ಒಬ್ಬ ತಪ್ಪಿಹೋದ, ಉಳಿದದ್ದು 68. ಲೆಮೆಗೆಟನ್ನಿನಲ್ಲೂ ಪ್ರುಫ್ಲಾಸ್ ಇಲ್ಲ. ಅಂದಮೇಲೆ ಅದನ್ನು ಜೋಡಿಸಿದವನ ಮುಂದೆ ಇದ್ದದ್ದು ಸೊಲೊಮನ್ನನ ಹಳೇ ಓಲೆಯಲ್ಲ, ಸ್ಕಾಟ್‌ನ ಅಚ್ಚಾದ ಪುಸ್ತಕದ ಪಟ್ಟಿ. ಕದ್ದ ಮಾಲನ್ನು ಅದರಲ್ಲಿಲ್ಲದ ಒಂದು ಚೂರಿನಿಂದ ಪತ್ತೆಹಚ್ಚಿದ ಹಾಗೆ.

68ಕ್ಕೆ ನಾಲ್ಕು ಸೇರಿದರೆ 72. ದೇವರ 72 ಹೆಸರುಗಳ ಯಹೂದಿ ಲೆಕ್ಕಕ್ಕೆ ಸರಿಹೊಂದುವ ಸಂಖ್ಯೆ. ಸೇರಿದ ಆ ನಾಲ್ವರು ಯಾರು ಎನ್ನುವುದೇ ಇಲ್ಲಿ ಮುಖ್ಯ: 3ನೆಯ ವಸ್ಸಾಗೊ, 70ನೆಯ ಸೀರ್, 71ನೆಯ ಡಾಂಟಾಲಿಯನ್, 72ನೆಯ ಆಂಡ್ರೊಮಾಲಿಯಸ್. ವಸ್ಸಾಗೊನದು ಕಳೆದುಹೋದದ್ದನ್ನು, ಅಡಗಿಸಿಟ್ಟದ್ದನ್ನು ತೋರಿಸುವ ಕೆಲಸ. ಸೀರ್‌ನದು ಕಳವು ಮತ್ತು ನಿಧಿಯ ವರ್ತಮಾನ. ಕೈಯಲ್ಲಿ ದೊಡ್ಡ ಹಾವು ಹಿಡಿದ ಆಂಡ್ರೊಮಾಲಿಯಸ್ ಕಳ್ಳನನ್ನೂ ಮಾಲನ್ನೂ ಹಿಂದಕ್ಕೆ ತರುವವನು. ಡಾಂಟಾಲಿಯನ್ ಒಬ್ಬ ಪರರ ಮನಸ್ಸನ್ನು ಓದುವವನು, ಅದೂ ಕಳ್ಳನ ವಿಚಾರಣೆಗೆ ಬೇಡವಾದ ವಿದ್ಯೆಯೇನಲ್ಲ. ಖಾಲಿ ಇದ್ದ ನಾಲ್ಕು ಜಾಗಕ್ಕೆ ಯುದ್ಧ ಗೆಲ್ಲಿಸುವವರನ್ನು ತುಂಬಲಿಲ್ಲ, ಪತ್ತೆದಾರರನ್ನು ತುಂಬಿದರು.

ಯಾಕೆ ಅನ್ನುವುದಕ್ಕೆ ಅಂದಿನ ಕಾನೂನು ನೋಡಿದರೆ ಸಾಕು. ಇಂಗ್ಲೆಂಡಿನ 1542ರ ಕಾಯ್ದೆಯಲ್ಲೇ ಚಿನ್ನ ಬೆಳ್ಳಿಯ ನಿಧಿ ಹುಡುಕಲು ದೆವ್ವ ಕರೆಯುವುದು ಮರಣದಂಡನೆಯ ಅಪರಾಧ. ಐದು ವರ್ಷಕ್ಕೆ ಅದು ರದ್ದಾಯಿತು. 1563ರಲ್ಲಿ ಹೊಸದು ಬಂತು: ನಿಧಿ ಇಲ್ಲಿದೆ, ಕಳವಾದದ್ದು ಅಲ್ಲಿದೆ ಎಂದು ಮಂತ್ರ ಹಾಕಿ ಹೇಳಿದವನಿಗೆ ಮೊದಲ ಸಲ ಒಂದು ವರ್ಷ ಸೆರೆ, ಮೂರು ತಿಂಗಳಿಗೊಮ್ಮೆ ಸಂತೆಯ ದಿನ ಆರು ತಾಸು ಕುತ್ತಿಗೆಗೆ ಹಲಗೆ ಬಿಗಿದು ನಿಲ್ಲಿಸುವುದು, ಎರಡನೆಯ ಸಲ ಜೀವಾವಧಿ. 1604ರಲ್ಲಿ ಎರಡನೆಯ ಸಲಕ್ಕೆ ಗಲ್ಲು. ಊರ ಮಂತ್ರವಾದಿಯ ಬಾಗಿಲಿಗೆ ಜನ ಬರುತ್ತಿದ್ದದ್ದೇ ‘ಬೆಳ್ಳಿ ಚಮಚ ಕಾಣೆಯಾಗಿದೆ, ಯಾರು ಕದ್ದರು ಹೇಳಿ’ ಎಂದು. ಪಟ್ಟಿಯ ಕೊನೆ ಗಿರಾಕಿಯ ಬೇಡಿಕೆ ನೋಡಿ ತುಂಬಿದ್ದು ಅನ್ನುವುದು ನನ್ನ ಎಣಿಕೆ. ನಮ್ಮಲ್ಲಿ ಅಂಜನ ಹಾಕಿ ನೋಡುವುದಿಲ್ಲವೇ? ಅಲ್ಲಿಯೂ ಹುಡುಗನ ಹೆಬ್ಬೆರಳ ಉಗುರಿಗೆ ಎಣ್ಣೆ ಮಸಿ ಸವರಿ ಕಳ್ಳನ ಮುಖ ಕಾಣುತ್ತದೆಯೇ ಎಂದು ಕೇಳುವ ಪದ್ಧತಿ ಇತ್ತು.

ವೇಗಕ್ಕೆ ಹೆಸರಾದವನು ಸೀರ್ ಒಬ್ಬನೇ ಅಲ್ಲ. 18ನೆಯ ಬಾಥಿನ್, 33ನೆಯ ಗಾಪ್ ಇಬ್ಬರೂ ದೇಶದಿಂದ ದೇಶಕ್ಕೆ ಒಯ್ಯುವವರೇ. ಆದರೆ ಅವರು ಒಯ್ಯುವುದು ಮನುಷ್ಯರನ್ನು. ಸೀರ್‌ನ ಸಾಲಿನಲ್ಲಿ ಇರುವುದು ವಸ್ತು. ಈ ವ್ಯತ್ಯಾಸ ಗಮನಿಸದೆ ‘ಪ್ರಯಾಣದ ದೆವ್ವ’ ಎಂದು ಮೂವರನ್ನೂ ಒಂದೇ ಗೂಟಕ್ಕೆ ಕಟ್ಟುವುದುಂಟು. ನಿಧಿಯ ಕಡೆಗೂ ಸ್ಪರ್ಧಿಗಳು ಬೇಕಾದಷ್ಟಿದ್ದಾರೆ. 62ನೆಯ ವಲಾಕ್ ನಿಧಿಯ ಜೊತೆಗೆ ಹಾವುಗಳ ಜಾಗವನ್ನೂ ಹೇಳುತ್ತಾನೆ. ನಿಧಿ ಕಾಯುವ ಸರ್ಪದ ಕಥೆ ಕೇಳಿ ಬೆಳೆದವರಿಗೆ ಇದು ವಿಚಿತ್ರವೆನಿಸದು.

ಇವನನ್ನು ಕರೆಯುವ ಸಲಕರಣೆಗೆ ಬರೋಣ. ಮುದ್ರೆ ಕೆತ್ತುವ ಬಿಲ್ಲೆಗೆ ದರ್ಜೆಗೊಂದು ಲೋಹ: ರಾಜನಿಗೆ ಚಿನ್ನ, ಮಾರ್ಕ್ವಿಸ್‌ಗೆ ಬೆಳ್ಳಿ, ಡ್ಯೂಕ್‌ಗೆ ತಾಮ್ರ, ನೈಟ್‌ಗೆ ಸೀಸ. ಪ್ರಿನ್ಸ್ ಆದ ಸೀರ್‌ಗೆ ಗುರುಗ್ರಹದ ತವರ. ತವರ ಅಂದಕೂಡಲೇ ಡಾಲ್ಡಾ ಡಬ್ಬದ ತಗಡು ಕತ್ತರಿಸಬೇಡಿ. ಅದು ತವರದ ಲೇಪ ಕೊಟ್ಟ ಕಬ್ಬಿಣ. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ರೇಡಿಯೊ ರಿಪೇರಿಯ ಬೆಸುಗೆ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಬೆರೆತಿರುತ್ತದೆ. ಸೀಸ ಶನಿಯದು, ನೈಟ್‌ನದು. ಪುಸ್ತಕದ ಲೆಕ್ಕದಲ್ಲಿ ಒಬ್ಬನ ಕಾಗದಕ್ಕೆ ಇನ್ನೊಬ್ಬನ ವಿಳಾಸ ಬರೆದ ಹಾಗೆ. ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುವ ಶುದ್ಧ ತವರವೇ ಸರಿ. 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಅಡುಗೆ ಒಲೆಯ ಮೇಲೆ, ಕಬ್ಬಿಣದ ಸೌಟಿನಲ್ಲೇ ಆದೀತು. ಅಚ್ಚು ತೇವವಿದ್ದರೆ ಮಾತ್ರ ನೀರು ಥಟ್ಟನೆ ಆವಿಯಾಗಿ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಅಚ್ಚನ್ನು ಮೊದಲೇ ಬಿಸಿಮಾಡಿ ಒಣಗಿಸಬೇಕು. ಬಿಲ್ಲೆ ಮೆತ್ತಗಿರುವುದರಿಂದ ಉಕ್ಕಿನ ಮೊನೆಯಲ್ಲಿ ಗೆರೆ ಸುಲಭವಾಗಿ ಮೂಡುತ್ತದೆ. ಅರ ಹಾಕಲು ಹೋದರೆ ತವರದ ಪುಡಿ ಅರದ ಹಲ್ಲಿನಲ್ಲೇ ಕಚ್ಚಿಕೊಳ್ಳುತ್ತದೆ. ಮುದ್ರೆಯನ್ನು ಧರಿಸುವುದು ಎದೆಯ ಮೇಲೆ.

ಕರೆಯುವವನು ನಿಲ್ಲುವ ವೃತ್ತ ಒಂಬತ್ತು ಅಡಿ ಅಗಲ. ನಡುವೆ ಮೊಳೆ ಹೊಡೆದು ನಾಲ್ಕೂವರೆ ಅಡಿ ಹುರಿಯಿಂದ ಸುತ್ತಿದರಾಯಿತು. ಅದರಿಂದ ಎರಡು ಅಡಿ ಆಚೆ, ದೆವ್ವ ಬಂದು ನಿಲ್ಲಲು ಮೂರು ಅಡಿ ಅಗಲದ ತ್ರಿಕೋನ. ಬುಡ ವೃತ್ತದ ಕಡೆಗೆ, ತುದಿ ದೆವ್ವದ ದಿಕ್ಕಿಗೆ. ಮೂರೂ ಬದಿ ಸಮವಾದರೆ ತ್ರಿಕೋನದ ಎತ್ತರ 2.6 ಅಡಿ. ಒಟ್ಟು ಉದ್ದ ಹದಿಮೂರೂವರೆ ಅಡಿ ದಾಟಿತು. ಹತ್ತು ಹನ್ನೆರಡರ ಕೋಣೆಯಲ್ಲಿ ಹಿಡಿಸುವ ಮಾತಿಲ್ಲ. ಅದಕ್ಕೇ ವೃತ್ತ ಕಿರಿದು ಮಾಡಿ, ಅದರಲ್ಲಿ ಬರೆಯಬೇಕಾದ ದೇವರ ಹೆಸರುಗಳನ್ನು ಇಕ್ಕಟ್ಟಾಗಿ ಬರೆದು, ಕೊನೆಗೆ ಒಂದೆರಡು ಹೆಸರಿಗೆ ಜಾಗ ಸಾಲದೆ ಬಿಡುವುದು. ಒಳಗೆ ಸುರುಳಿ ಸುತ್ತಿದ ಹಾವು ಬರೆಯಲೇಬೇಕೆಂದೇನಿಲ್ಲ. ಗೊಯೆಟಿಯಾದ 1904ರ ಅಚ್ಚಿನ ಟಿಪ್ಪಣಿಯ ಪ್ರಕಾರ ಅದು ಒಂದೇ ಹಸ್ತಪ್ರತಿಯಲ್ಲಿತ್ತು.

ದಿಕ್ಕಿನದೇ ದೊಡ್ಡ ರಗಳೆ. ಸೀರ್‌ನ ಒಡೆಯ ಅಮೈಮೊನ್ ಇಲ್ಲಿ ಪೂರ್ವಾಧಿಪತಿ, ಆದ್ದರಿಂದ ತ್ರಿಕೋನ ಪೂರ್ವಕ್ಕೆ. ಜರ್ಮನ್ ವಿದ್ವಾಂಸ ಅಗ್ರಿಪ್ಪನ ಮಂತ್ರವಿದ್ಯೆಯ 1533ರ ಗ್ರಂಥದಲ್ಲಿ ಅದೇ ಅಮೈಮೊನ್ ದಕ್ಷಿಣದ ಅರಸ. ಎರಡನ್ನೂ ಓದಿದವರು ಆಗ್ನೇಯಕ್ಕೆ ರಾಜಿಯಾಗುವುದನ್ನು ಕಂಡರೆ ನಗು ಬರುತ್ತದೆ. ಲೆಮೆಗೆಟನ್ನಿನ ಮುದ್ರೆ ಹಿಡಿದವನು ಲೆಮೆಗೆಟನ್ನಿನ ದಿಕ್ಕನ್ನೇ ಹಿಡಿಯಬೇಕು. ಗೊಯೆಟಿಯಾ ಹೇಳುವ ತಿಥಿಗಳು ಚಂದ್ರನ ವಯಸ್ಸಿನ 2, 4, 6, 8, 10, 12, 14ನೇ ದಿನ ಮಾತ್ರ. ಈ ದರ್ಜೆಗೆ ಹಗಲಿನ ಯಾವ ಹೊತ್ತಾದರೂ ನಡೆಯುತ್ತದೆ. ಬಿಳಿ ನಾರುಬಟ್ಟೆಯ ನಿಲುವಂಗಿ, ಮೂರು ಇಂಚು ಅಗಲದ ಸಿಂಹಚರ್ಮದ ನಡುಪಟ್ಟಿ, ಕೆಂಡದ ಅಗ್ಗಿಷ್ಟಿಕೆ, ಧೂಪ, ಎಣ್ಣೆ ಎಲ್ಲರಿಗೂ ಒಂದೇ.

ಕರೆಯುವುದಕ್ಕೂ ಒಂದು ಸರಣಿ ಇದೆ. ಮೊದಲ ಆವಾಹನೆ, ಬರದಿದ್ದರೆ ಎರಡನೆಯದು, ಆಮೇಲೆ ಒತ್ತಾಯದ ಮಂತ್ರ. ಅದಕ್ಕೂ ಮಣಿಯದಿದ್ದರೆ ಮೇಲಧಿಕಾರಿಗೆ, ಅಂದರೆ ಅಮೈಮೊನ್‌ಗೇ ಅರ್ಜಿ. ಅಲ್ಲಿಗೂ ಆಗಲಿಲ್ಲವೆಂದರೆ ಶಾಪ: ಮುದ್ರೆಯನ್ನು ಕಪ್ಪು ಪೆಟ್ಟಿಗೆಗೆ ಹಾಕಿ, ಗಂಧಕ ಮತ್ತು ಇಂಗು ತುಂಬಿ, ಕಬ್ಬಿಣದ ತಂತಿ ಸುತ್ತಿ, ಕತ್ತಿಯ ಮೊನೆಗೆ ತೂಗುಹಾಕಿ ಕೆಂಡದ ಮೇಲೆ ಹಿಡಿಯುವುದು. ಹೌದು, ನಮ್ಮ ಒಗ್ಗರಣೆಯ ಇಂಗೇ. ಯುರೋಪಿನವರು ಅದನ್ನು ದೆವ್ವದ ಲದ್ದಿ ಎಂದು ಕರೆದು ಮೂಗು ಮುಚ್ಚಿಕೊಂಡರು. ಇಲ್ಲಿ ತವರದ ತೊಂದರೆ ಮತ್ತೆ ಎದುರಾಗುತ್ತದೆ. ಕೆಂಡದ ಕಾವು 232 ಡಿಗ್ರಿಗಿಂತ ಎಷ್ಟೋ ಮೇಲೆ. ಬೆದರಿಸಲು ಹಿಡಿದ ಪೆಟ್ಟಿಗೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಮುದ್ರೆ ಕರಗಿ ಹನಿಯಾಗುತ್ತದೆ, ಆಮೇಲೆ ಬೆದರಿಸಲು ಏನೂ ಉಳಿಯುವುದಿಲ್ಲ. ಸಿದ್ಧನಿದ್ದಾನೆಂದು ಪುಸ್ತಕವೇ ಹೇಳುವ ಸೀರ್‌ಗೆ ಈ ಹಂತ ತಲುಪುವ ಮೊದಲು ದಿಕ್ಕು, ತಿಥಿ, ಲೋಹ ಮೂರನ್ನೂ ಮತ್ತೆ ನೋಡಿಕೊಳ್ಳುವುದೇ ವಾಸಿ. ಬಂದರೆ ಸ್ವಾಗತದ ಮಾತು ಬೇರೆ, ಕೆಲಸ ಮುಗಿದ ಮೇಲೆ ಹೋಗಲು ಅಪ್ಪಣೆ ಕೊಡುವ ಮಾತು ಬೇರೆ. ಅವಸರಕ್ಕೆ ಬಿಟ್ಟುಹೋಗುವುದು ಈ ಕೊನೆಯದೇ.

72 ಜನರೂ ಹೊರಬಂದ ಕಥೆಯನ್ನೂ ಗೊಯೆಟಿಯಾ ಹೇಳುತ್ತದೆ. ಸೊಲೊಮನ್ ಅವರನ್ನು ದಂಡುಸಮೇತ ಹಿತ್ತಾಳೆಯ ಪಾತ್ರೆಯೊಂದಕ್ಕೆ ತುಂಬಿ, ಬಾಬಿಲೋನಿನ ಆಳವಾದ ಕೆರೆಗೆ ಎಸೆಸಿದ. ಬಾಬಿಲೋನಿನವರಿಗೆ ಅದು ಕಣ್ಣಿಗೆ ಬಿತ್ತು. ಹೊನ್ನು ತುಂಬಿದ ಕೊಪ್ಪರಿಗೆಯೆಂದೇ ಎಣಿಸಿ ಒಡೆದರು. ನಿಧಿ ತೋರಿಸುವವರೆಲ್ಲ ಒಳಗಿದ್ದರು, ನಿಧಿ ಇರಲಿಲ್ಲ. ಬೆಲಿಯಲ್ ಒಬ್ಬ ವಿಗ್ರಹವೊಂದರೊಳಗೆ ಹೊಕ್ಕು ಪೂಜೆ ಪಡೆಯುತ್ತ ಕುಳಿತ. ಉಳಿದವರೆಲ್ಲ ತಂತಮ್ಮ ಹಳೆಯ ಜಾಗಕ್ಕೆ ಹಾರಿದರು. ಮೊದಲು ತಲುಪಿದವನು ಯಾರೆಂದು ಪುಸ್ತಕ ಬರೆದಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ.