ರಿಜಿಸ್ಟರಿನಲ್ಲಿ ‘ಔರಿಯಸ್’ ಎಂದು ಬರೆಯುವ ಮೊದಲು

ರೋಮನ್ ಚಿನ್ನದ ನಾಣ್ಯ ಮೇಜಿಗೆ ಬಂದರೆ ‘ಔರಿಯಸ್’ ಎಂದು ಬರೆದು ಮುಗಿಸಬೇಡಿ. ಮೊದಲು ತೂಗಿ, ಆಮೇಲೆ ಹೆಸರಿಡಿ.

ಲ್ಯಾಟಿನ್ನಿನಲ್ಲಿ ಔರುಮ್ ಎಂದರೆ ಚಿನ್ನ, ಔರಿಯಸ್ ಎಂದರೆ ‘ಚಿನ್ನದ’. ಅದು ಬರೀ ವಿಶೇಷಣ. ಪೂರ್ತಿ ಹೆಸರು ದೆನಾರಿಯಸ್ ಔರಿಯಸ್. ಬಳಕೆಯಲ್ಲಿ ನಾಮಪದ ಬಿದ್ದುಹೋಯಿತು. ಭಾರತದಲ್ಲಿ ಉಳಿದದ್ದು ಆ ಬಿದ್ದುಹೋದ ಭಾಗವೇ, ‘ದೀನಾರ’ ಎಂದು. ಗೊಂದಲ ಹುಟ್ಟುವುದು ಇಲ್ಲೇ. ರೋಮಿನಲ್ಲಿ ಬರಿಯ ದೆನಾರಿಯಸ್ ಬೆಳ್ಳಿಯದು, ಅಂಥ 25 ಸೇರಿದರೆ ಒಂದು ಔರಿಯಸ್. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿರುವುದು ಈ ಬೆಳ್ಳಿಯವು. ಗುಪ್ತರ ಶಾಸನಗಳ ದೀನಾರವಾದರೋ ಚಿನ್ನ. ಎರಡನ್ನೂ ಒಂದೇ ಹೆಸರಿನಡಿ ಸೇರಿಸಿದರೆ ಲೋಹವೇ ಅದಲುಬದಲಾಗುತ್ತದೆ.

ಔರಿಯಸ್‌ನ ತೂಕ ಕಾಲಕ್ಕೆ ತಕ್ಕಂತೆ ಇಳಿಯುತ್ತ ಹೋಯಿತು. ಸೀಸರ್ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 40 ನಾಣ್ಯ, ಅಂದರೆ ತಲಾ ಸುಮಾರು 8 ಗ್ರಾಂ. ಕ್ರಿ.ಶ. 64ರಲ್ಲಿ ನೀರೋ 45ಕ್ಕೆ ಏರಿಸಿದ, ತೂಕ 7.2 ಗ್ರಾಮಿಗೆ ಇಳಿಯಿತು. ಸಾಮ್ರಾಟ ಕ್ಯಾರಕಲ್ಲನ ಕಾಲಕ್ಕೆ 50, ಸುಮಾರು 6.5 ಗ್ರಾಂ. ಕಾನ್‌ಸ್ಟಂಟೈನ್ 72ರ ಲೆಕ್ಕದಲ್ಲಿ ಟಂಕಿಸಿದ ಸುಮಾರು 4.5 ಗ್ರಾಮಿನ ನಾಣ್ಯದ ಹೆಸರೇ ಬೇರೆ: ಸಾಲಿಡಸ್. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಸಿಕ್ಕಿದ್ದು ಸಾಲಿಡಸ್‌ಗಳೇ. ಹಿಮ್ಮುಖದ ಕೆಳಗೆ ‘ಕೋನೋಬ್’ (CONOB) ಎಂಬ ಅಕ್ಷರಗಳಿದ್ದರೆ ಔರಿಯಸ್ ಎಂದು ಬರೆಯಲೇಬೇಡಿ. ಕೊನೆಯ ಎರಡು ಅಕ್ಷರ (OB) ಪುಟವಿಟ್ಟ ಚಿನ್ನವನ್ನು ಸೂಚಿಸುತ್ತವೆ; ಗ್ರೀಕ್ ಅಂಕಿಗಳಾಗಿ ಓದಿದರೆ ಅವೇ 72.

ತೂಕ ಕಡಿಮೆ ಬಂದ ಮಾತ್ರಕ್ಕೆ ಹಿಂದಿನ ಕಾಲದ ನಾಣ್ಯವನ್ನು ಮುಂದಿನ ಕಾಲಕ್ಕೆ ತಳ್ಳಬಾರದು. ದಕ್ಷಿಣ ಭಾರತದಲ್ಲಿ ಸಿಕ್ಕ ಸಾಲಿಡಸ್‌ಗಳಲ್ಲಿ ಅರಸನ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತು ಇರುವುದುಂಟು. ಅಷ್ಟು ಚಿನ್ನ ಹೋಗಿರುತ್ತದೆ. ಕೊಂಡಿ ಬೆಸೆದಿದ್ದರೆ ತೂಕ ಹೆಚ್ಚು ಬರುತ್ತದೆ. ಕೊಂಡಿ ಕೀಳಬೇಡಿ, ‘ಕೊಂಡಿ ಸಹಿತ’ ಎಂದು ನಮೂದಿಸಿ. 1898ರಲ್ಲಿ ಬೆಳಕಿಗೆ ಬಂದ ಪುದುಕ್ಕೋಟೈ ನಿಧಿಯ 501 ಔರಿಯಸ್‌ಗಳಲ್ಲಿ ಬಹುಪಾಲಿನವುಗಳಲ್ಲಿ ಅರಸನ ಮುಖದ ಮೇಲೆ ಉಳಿಯ ಕಚ್ಚು ಇದೆ. ಅಂಥ ಕಚ್ಚನ್ನು ‘ಹಾನಿ’ ಎನ್ನುವ ಕಾಲಮ್ಮಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಯಾರೋ ಬೇಕೆಂದೇ ಮಾಡಿದ್ದು ಅದು. ಉದ್ದ, ದಿಕ್ಕು, ನಾಣ್ಯದ ಯಾವ ಬದಿ ಎಂಬುದನ್ನು ಬೇರೆಯಾಗಿಯೇ ಬರೆಯಬೇಕು.

ಚಿನ್ನ ಅಸಲಿಯೇ ಎಂದು ನೋಡುವ ಸಾಂದ್ರತೆ ಪರೀಕ್ಷೆಯಲ್ಲಿ ಎಡವಟ್ಟುಗಳು ಹೆಚ್ಚು. ಗಾಳಿಯಲ್ಲಿ ತೂಗಿ, ತೆಳು ನೂಲಿನಲ್ಲಿ ನೀರಿಗೆ ಇಳಿಬಿಟ್ಟು ಮತ್ತೆ ತೂಗಿ. ಮೊದಲ ತೂಕವನ್ನು ವ್ಯತ್ಯಾಸದಿಂದ ಭಾಗಿಸಿ. 7.20 ಗ್ರಾಮಿನ ನಾಣ್ಯ ನೀರಿನಲ್ಲಿ 6.82 ತೂಗಿದರೆ ಉತ್ತರ 18.9. ಅಚ್ಚ ಚಿನ್ನಕ್ಕೆ 19.3. ಆದರೆ ಆ ವ್ಯತ್ಯಾಸ 0.38ರ ಬದಲು 0.39 ಆದರೆ ಉತ್ತರ 18.5ಕ್ಕೆ ಕುಸಿಯುತ್ತದೆ. ಆದ್ದರಿಂದ 0.01 ಗ್ರಾಂ ತೋರಿಸುವ ತಕ್ಕಡಿ ಈ ಕೆಲಸಕ್ಕೆ ಸಾಲದು, 0.001 ಬೇಕು. ಅಂಚಿಗೋ ತೂತಿಗೋ ಗಾಳಿಗುಳ್ಳೆ ಅಂಟಿದ್ದರೂ ಸಾಂದ್ರತೆ ಕಡಿಮೆ ಬಂದು ಅಸಲಿ ನಾಣ್ಯವೇ ನಕಲಿಯಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಸೋಪಿನ ದ್ರಾವಣ ಹಾಕಿದರೆ ಗುಳ್ಳೆ ಬಿಡುತ್ತದೆ. ಮೂರು ಸಲ ತೂಗಿ, ಮೂರೂ ಅಂಕಿಗಳನ್ನು ಬರೆದಿಡಿ.