ಬಿದಿರಿನ ಅಲಗು

ನಿನ್ನೆ ರಾತ್ರಿ ಜಪಾನಿನ ನಿರ್ದೇಶಕ ಮಸಾಕಿ ಕೊಬಯಾಶಿಯವರ ‘ಹರಾಕಿರಿ’ಯನ್ನು ಮೂರನೆಯ ಸಲ ನೋಡಿದೆ. 1962ರ ಕಪ್ಪುಬಿಳುಪು ಚಿತ್ರ. ಕಥೆ ನಡೆಯುವುದು 1630ರ ಎಡೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ. ಯುದ್ಧಗಳು ಮುಗಿದಿವೆ, ಒಡೆಯರನ್ನು ಕಳೆದುಕೊಂಡ ಸಮುರಾಯಿಗಳು ತುತ್ತು ಅನ್ನಕ್ಕೆ ಅಲೆಯುತ್ತಿದ್ದಾರೆ.

ಮೊತೊಮೆ ಎಂಬ ಯುವಕ ಸಂಸಾರ ಸಾಕಲು ತನ್ನ ಕತ್ತಿಯ ಉಕ್ಕಿನ ಅಲಗನ್ನು ಮಾರಿಕೊಂಡಿದ್ದಾನೆ. ಒರೆಯೊಳಗೆ ಉಳಿದಿರುವುದು ಬಿದಿರು. ನಿಮ್ಮ ಅಂಗಳದಲ್ಲಿ ಹರಾಕಿರಿ ಮಾಡಿಕೊಂಡು ಸಾಯುತ್ತೇನೆ ಎಂದರೆ ನಾಲ್ಕು ಕಾಸು ಕೊಟ್ಟು ಕಳಿಸಿಯಾರೆಂದು ಇಯೀ ಮನೆತನದ ಬಾಗಿಲಿಗೆ ಬಂದವನಿಗೆ, ಆ ಬಿದಿರಿನಿಂದಲೇ ಹೊಟ್ಟೆ ಬಗೆದುಕೊಳ್ಳುವಂತೆ ಅಪ್ಪಣೆಯಾಗುತ್ತದೆ. ಮೊಂಡು ಬಿದಿರು ಒಳಗೆ ಇಳಿಯುವುದಿಲ್ಲ. ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾನೆ. ಈ ಸಲವೂ ನಾನು ಕಣ್ಣು ಮುಚ್ಚಿಕೊಂಡೆ.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ದೃಶ್ಯ. ಮಾವ ಹನ್ಶಿರೊ ಶವದ ಬಳಿ ಕುಳಿತು, ತನ್ನ ಕತ್ತಿಯನ್ನು ಮಾರುವ ಯೋಚನೆಯೇ ತನಗೆ ಬರಲಿಲ್ಲವಲ್ಲ ಎಂದು ಸಂಕಟಪಡುತ್ತಾನೆ. ಆಗಿನ್ನೂ ಮೂವತ್ತು ತುಂಬದ ನಟ ತತ್ಸುಯಾ ನಕದಾಯ್ ಆ ಮುಖದಲ್ಲಿ ಮುದಿತನವನ್ನೇ ತಂದಿದ್ದಾರೆ.

ನನ್ನ ಕಾಲೇಜು ಶುಲ್ಕಕ್ಕಾಗಿ ಅಮ್ಮ ಎರಡು ಬಳೆ ಮಾರಿದ್ದಳು. ಆಗ ನನ್ನ ಕೈಯಲ್ಲಿ ಅಜ್ಜ ಕೊಟ್ಟ ಗಡಿಯಾರವಿತ್ತು. ಈಗಲೂ ಇದೆ.