ಪಾಡಿಲ್ಲ

ಮೊನ್ನೆ ಮಂಗಳವಾರದಿಂದ ನನ್ನ ತಲೆಯಲ್ಲಿ ಎರಡು ಮಾತು ಸುತ್ತುತ್ತಲೇ ಇವೆ. ಒಂದು, "ಇದ್ ಇವಿಡೆ ಪಾಡಿಲ್ಲ," ಎಂದರೆ ಮಲಯಾಳದಲ್ಲಿ ಇದು ಇಲ್ಲಿ ಕೂಡದು. ಇನ್ನೊಂದು, "ಸಾಬ್, ಮೇರೆ ಖಾನೇ ಕೆ ಲಿಯೇ." ಮೊದಲನೆಯದು ಖಾಕಿ ತೊಟ್ಟವರದು. ಎರಡನೆಯದು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಹುಡುಗನದು. ಇಬ್ಬರೂ ತಮ್ಮ ತಮ್ಮ ಮಾತನ್ನು ಮೂರು ಮೂರು ಸಲ ಹೇಳಿದರು. ಅವರು ಹೇಳಿದ್ದು ಇವನಿಗೆ ತಿಳಿಯಲಿಲ್ಲ, ಇವನು ಹೇಳಿದ್ದು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೂ ತಿಳಿಯುತ್ತಿದ್ದದ್ದು ನನಗೆ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ.

ಅವನ ಚೀಲದಲ್ಲಿದ್ದದ್ದು ತಂಬಾಕು. ನನ್ನ ಮಡಿಲಿನ ಚೀಲದಲ್ಲೂ ತಂಬಾಕೇ ಇತ್ತು. ಮರದ ಡಬ್ಬಿಯಲ್ಲಿ ಹನ್ನೊಂದು ಚುರುಟು, ಕ್ಯೂಬಾದ್ದು.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ರಜೆಯಲ್ಲಿ ಬರುವಾಗ ದುಬೈ ವಿಮಾನ ನಿಲ್ದಾಣದಲ್ಲಿ 25ರ ಡಬ್ಬಿ ಕೊಂಡಿದ್ದ. ನಮ್ಮ ದೇಶದೊಳಗೆ ಪ್ರಯಾಣಿಕನೊಬ್ಬ ಸುಂಕವಿಲ್ಲದೆ ತರಬಹುದಾದದ್ದು ಅಷ್ಟೇ, ಅದನ್ನು ನೋಡಿಕೊಂಡೇ ಕೊಂಡವನು. ಗೆಳೆಯರೊಂದಿಗೆ ಸೇದಿ, ಹಂಚಿ ಉಳಿದದ್ದು ಹನ್ನೊಂದು. ಮಂಗಳೂರಿನಲ್ಲಿ ಅಕ್ಕನ ಮನೆಯಿಂದ ಹೊರಡುವಾಗ ನನ್ನ ಚೀಲಕ್ಕೆ ತುರುಕಿದ. "ಚಿಕ್ಕಮ್ಮಾ, ಇದನ್ನು ನಾನು ವಾಪಸು ಕೊಂಡುಹೋಗುವ ಹಾಗಿಲ್ಲ. ಒಂದೇ ಒಂದು ಇದ್ದರೂ ಅಲ್ಲಿ ಹಿಡೀತಾರೆ. ದೊಡ್ಡ ಮಾವನಿಗೆ ಕೊಡಿ, ಅವರಿಗೆ ಕ್ಯೂಬಾ ಅಂದರೆ ಪ್ರೀತಿ ಅಲ್ವಾ."

"ಅಷ್ಟೆಲ್ಲ ಕೆಟ್ಟದ್ದಾ ಇದು?" ಎಂದು ಕೇಳಿದೆ. ಕೆಟ್ಟದ್ದರ ಪ್ರಶ್ನೆಯೇ ಅಲ್ಲವಂತೆ. ಡೊಮಿನಿಕನ್ ಗಣರಾಜ್ಯದ ಚುರುಟು, ನಿಕರಾಗುವದ ಚುರುಟು ಅಲ್ಲಿನ ಅಂಗಡಿಗಳಲ್ಲಿ ಧಾರಾಳ ಸಿಗುತ್ತದೆ. ಕ್ಯೂಬಾದ ಮಣ್ಣಿನಲ್ಲಿ ಬೆಳೆದ ಎಲೆಗೆ ಮಾತ್ರ ತಡೆ. 1962ರ ಫೆಬ್ರವರಿಯಲ್ಲಿ ಕೆನಡಿ ಸಹಿ ಹಾಕಿದ ನಿರ್ಬಂಧ ಅದು. ಸಹಿಯ ಹಿಂದಿನ ಸಂಜೆ ಅವರು ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್ ಅವರನ್ನು ಕರೆದು, ನಾಳೆ ಬೆಳಿಗ್ಗೆಯೊಳಗೆ ಒಂದು ಸಾವಿರ ಕ್ಯೂಬನ್ ಚುರುಟು ಬೇಕೆಂದರಂತೆ. ಸಿಕ್ಕಿದ್ದು 1,200. ಅದು ಕೈಸೇರಿದ ಸುದ್ದಿ ಕೇಳಿದ ಮೇಲೆಯೇ ಸಹಿ ಬಿದ್ದದ್ದು ಎಂದು ಸಾಲಿಂಜರ್ ಅವರೇ ಮುಂದೆ ಬರೆದಿದ್ದಾರೆ. ಒಬಾಮ ಕಾಲದಲ್ಲಿ ಬಾಗಿಲು ಸ್ವಲ್ಪ ತೆರೆಯಿತು: ಮೊದಲು 100 ಡಾಲರಿನಷ್ಟು ತರಬಹುದೆಂದರು, 2016ರ ಅಕ್ಟೋಬರದಲ್ಲಿ ಆ ಮಿತಿಯನ್ನೂ ತೆಗೆದರು. 2020ರ ಸೆಪ್ಟೆಂಬರದಲ್ಲಿ ಪುನಃ ಮುಚ್ಚಿತು. ಈಗ ಬೇರೆ ದೇಶದಲ್ಲಿ ಕೊಂಡು ಅಲ್ಲೇ ಸೇದಿ ಮುಗಿಸಿದರೆ ತೊಂದರೆ ಇಲ್ಲ. ಸ್ವಂತಕ್ಕೇ ಆಗಲಿ, ಉಡುಗೊರೆಗೇ ಆಗಲಿ, ಒಳಗೆ ತರುವಂತಿಲ್ಲ.

ಇಷ್ಟೆಲ್ಲ ಇವನಿಗೆ ಹೇಗೆ ಗೊತ್ತು? ಅಲ್ಲಿನ ಸರಕಾರ ಬರೆದು ಹಾಕಿದೆ, ಇವನು ಓದಿದ್ದಾನೆ. ಅವನು ದಿನವಿಡೀ ಕೆಲಸ ಮಾಡುವ ಭಾಷೆಯಲ್ಲೇ ಇದೆ ಅದು. ಆದ್ದರಿಂದ ಸೂಟ್‌ಕೇಸು ಕಟ್ಟುವ ಮೊದಲೇ ಚಿಕ್ಕಮ್ಮನ ಚೀಲಕ್ಕೆ ದಾಟಿಸಲು ಅವನಿಗೆ ಪುರುಸೊತ್ತು ಸಿಕ್ಕಿತು.

ಬಸ್ಸು ಕೇರಳದ ಗಡಿಯ ತಲಪಾಡಿ ದಾಟಿ ಸ್ವಲ್ಪ ಮುಂದೆ ಬಂದಿತ್ತು. ಕೈ ಅಡ್ಡ ಹಿಡಿದರು, ಬಸ್ಸು ನಿಂತಿತು, ಇಬ್ಬರು ಹತ್ತಿದರು. ಮೊದಲ ನಾಲ್ಕು ಸಾಲಿನಲ್ಲಿ ಯಾರನ್ನೂ ಮುಟ್ಟಲಿಲ್ಲ. ಸೀದಾ ಬಂದು ನನ್ನ ಮುಂದಿನ ಸೀಟಿನ ಬಳಿ ನಿಂತರು. ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಕಾಲ ಮೇಲೆ ಸಿಮೆಂಟಿನ ಚೀಲ, ಅದರೊಳಗಿಂದ ಕರಣೆಯ ಹಿಡಿ ಕಾಣುತ್ತಿತ್ತು. ನಮ್ಮೂರಲ್ಲಿ ಇಂಥವರನ್ನೆಲ್ಲ ಬಂಗಾಳಿ ಎಂದೇ ಕರೆಯುವುದು, ಜಾರ್ಖಂಡಿನವನಾದರೂ ಅಸ್ಸಾಮಿನವನಾದರೂ ಬಂಗಾಳಿಯೇ.

ಚೀಲ ತೆರೆಸಿದರು. ಬಟ್ಟೆಯ ಅಡಿಯಿಂದ ತಂಬಾಕು ಪ್ಯಾಕೆಟುಗಳ ಎರಡು ಮಾಲೆ ಬಂತು. "ಇದ್ ಇವಿಡೆ ಪಾಡಿಲ್ಲ." ಹುಡುಗ ನಕ್ಕ. ಅದು ಉದ್ಧಟತನದ ನಗೆಯಲ್ಲ, ಏನು ಕೇಳುತ್ತಿದ್ದಾರೆಂದು ಗೊತ್ತಾಗದೆ ನಗುತ್ತೇವಲ್ಲ, ಅಂಥದ್ದು. "ಸಾಬ್, ಮೇರೆ ಖಾನೇ ಕೆ ಲಿಯೇ." ನನಗೆ ತಿನ್ನಲಿಕ್ಕೆ. ಆ ನಗು ನೋಡಿ ಅವರಿಗೆ ಸಿಟ್ಟು ಬಂತು. "ಪಾಡಿಲ್ಲಾನ್ನ್ ಪರಞ್ಞಿಲ್ಲೇ!" ಕೂಡದು ಎಂದು ಹೇಳಲಿಲ್ಲವಾ ಎಂದು ಗದರಿ ಹೆಗಲಿಗೆ ಕೈ ಹಾಕಿ ಎಬ್ಬಿಸಿದರು. ಆಗ ಅವನ ಮುಖದಿಂದ ನಗು ಇಳಿದುಹೋಯಿತು. ಅಂಗಿಯ ಕಿಸೆಯಿಂದ ಒಂದು, ಪ್ಯಾಂಟಿನ ಕಿಸೆಯಿಂದ ಎರಡು, ತಾನಾಗಿಯೇ ತೆಗೆದು ಅಂಗೈಯಲ್ಲಿಟ್ಟು ಚಾಚಿದ. ಕೇಳದೇ ಇದ್ದದ್ದನ್ನೂ ಕೊಟ್ಟ.

ಆ ಚಾಚಿದ ಅಂಗೈ ನನಗೆ ನಿದ್ದೆಗೂ ಬಿಡುತ್ತಿಲ್ಲ.

ಇನ್ನೊಬ್ಬರ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ನಾನು ಜಿಪ್ಪಿಗೆ ಕೈ ಹಾಕಿದೆ. "ವೇಂಡ ಚೇಚಿ, ಇರಿಕ್ಕ್," ಬೇಡ ಅಕ್ಕ, ಕೂತುಕೊಳ್ಳಿ ಎಂದರು, ಬಹಳ ಮರ್ಯಾದೆಯಿಂದ. ತೆರೆದಿದ್ದರೂ ಅಪರಾಧ ಆಗುತ್ತಿರಲಿಲ್ಲ, ಚುರುಟಿಗೂ ಸಿಗರೇಟಿಗೂ ಬೀಡಿಗೂ ಇಲ್ಲಿ ನಿಷೇಧವಿಲ್ಲ. ಆದರೆ ಅವರು ತೆರೆಯಲು ಹೇಳಲೇ ಇಲ್ಲ ಎನ್ನುವುದು ನನಗೆ ಹೆಚ್ಚು ನೋವು ಕೊಡುತ್ತದೆ. ಹುಡುಗನನ್ನು ಇಳಿಸಿದರು. ಕಂಡಕ್ಟರು ರೈಟ್ ಎಂದ. ಉಪ್ಪಳದ ಟಿಕೇಟು ತೆಗೆದಿದ್ದ ಆ ಹುಡುಗ ರಸ್ತೆಬದಿಯಲ್ಲಿ ನಿಂತಿದ್ದ.

ನಿಷೇಧ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಹದಿನೈದು ವರ್ಷ ನಮ್ಮ ತೋಟದಲ್ಲಿ ಅಡಕೆ ಕೊಯ್ದವರು ಬಾಯಿಯ ಕ್ಯಾನ್ಸರಿನಲ್ಲಿ ಹೋದರು. ಕೊನೆಯ ತಿಂಗಳು ಅವರಿಗೆ ಗಂಜಿಯ ತಿಳಿ ಕುಡಿಯಲೂ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಅವರ ಹೆಂಡತಿ ಚಮಚದಲ್ಲಿ ತುಟಿಯ ಸಂದಿಗೆ ಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೇರಳ 2012ರ ಮೇಯಲ್ಲಿ ಗುಟ್ಕಾ ನಿಲ್ಲಿಸಿದಾಗ, ಮರುವರ್ಷ ಕರ್ನಾಟಕವೂ ನಿಲ್ಲಿಸಿದಾಗ, ನಾನು ಸಂತೋಷಪಟ್ಟವಳು. ಎರಡಕ್ಕೂ ಆಧಾರ ಆಹಾರ ಸುರಕ್ಷತೆಯ 2011ರ ನಿಯಮ: ತಿನ್ನುವ ಯಾವ ವಸ್ತುವಿಗೂ ತಂಬಾಕು, ನಿಕೊಟಿನ್ ಬೆರೆಸಬಾರದು. ತಯಾರಕರು ಪಾನ್ ಮಸಾಲೆಯನ್ನು ಒಂದು ಪ್ಯಾಕೆಟಿಗೆ, ತಂಬಾಕನ್ನು ಇನ್ನೊಂದಕ್ಕೆ ಹಾಕಿದರು, ಬೆರೆಸುವ ಕೆಲಸ ಕೊಂಡವನ ಬಾಯಿಗೆ ಬಿಟ್ಟರು. ಮಂಗಳೂರಿನ ಗೂಡಂಗಡಿಗಳಲ್ಲಿ ಅವೆರಡೂ ಅಕ್ಕಪಕ್ಕ ಮಾಲೆಮಾಲೆಯಾಗಿ ತೂಗುತ್ತವೆ. ಹುಡುಗ ಅರ್ಧ ಗಂಟೆ ಹಿಂದೆ ಎಲ್ಲರೆದುರೇ ದುಡ್ಡು ಕೊಟ್ಟು ಕೊಂಡಿರಬೇಕು. ತಲಪಾಡಿಯಿಂದ ಈಚೆಗೆ ಆ ತಂಬಾಕಿನ ಪ್ಯಾಕೆಟೂ ಹಿಡಿಯುವ ಮಾಲು. ಅಂದರೂ ಇಲ್ಲಿನ ನಿಷೇಧ ತಯಾರಿ, ದಾಸ್ತಾನು, ಹಂಚಿಕೆ, ಮಾರಾಟಕ್ಕೆ, ತಿನ್ನುವವನ ಬಾಯಿಗಲ್ಲ. "ಮೇರೆ ಖಾನೇ ಕೆ ಲಿಯೇ" ಎಂದ ಅವನ ಮಾತು ಕಾನೂನಿನಲ್ಲೂ ತೂಕ ಇರುವ ಮಾತೇ. ಎರಡು ಮಾಲೆ ಸ್ವಂತಕ್ಕೋ ಮಾರಲಿಕ್ಕೋ ಎಂದು ಅವನನ್ನೇ ವಿಚಾರಿಸಬೇಕಿತ್ತು, ಅವನಿಗೆ ತಿಳಿಯುವ ಮಾತಿನಲ್ಲಿ.

ನಮ್ಮ ಅಡಕೆಯ ವಿಷಯವನ್ನೂ ಬಿಡುವಂತಿಲ್ಲ. ಚಾಲಿ ಸುಲಿದು ಹೆಕ್ಕಿದ ಮೇಲೆ ಉಳಿಯುವ ಪಟೋರ, ಉಳ್ಳಿ, ಕೋಕ ಎಂಬ ಕೆಳದರ್ಜೆಯ ಅಡಕೆಯೆಲ್ಲ ಒಂದಲ್ಲ ಒಂದು ಲಾರಿ ಹತ್ತಿ ಉತ್ತರಕ್ಕೆ ಹೋಗುತ್ತದೆ. ಪಾನ್ ಮಸಾಲೆಗೆ ಅಡಕೆ ಆಕಾಶದಿಂದ ಬೀಳುವುದಿಲ್ಲ. ನನ್ನ ಮಗಳ ಓದು, ಮನೆಯ ಮಾಡು ಎಲ್ಲ ಆ ದುಡ್ಡಿನಲ್ಲೇ ಆದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿದೆ. ಬೆಳೆಗಾರರ ಸಭೆಗಳಲ್ಲಿ ಈ ಮಾತೆತ್ತಿದರೆ ಕುರ್ಚಿಗಳು ಹಿಂದೆ ಸರಿಯುವ ಸದ್ದು ಕೇಳುತ್ತದೆ. ನಾನೂ ಎತ್ತಿದವಳಲ್ಲ.

ಆದರೆ ನನ್ನನ್ನು ಹೆಚ್ಚು ಕೊರೆಯುವುದು ಭಾಷೆಯ ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಈ ಮಣ್ಣಿನ ಕನ್ನಡದವರಿಗೆ ತಿಳಿಯದ ಭಾಷೆಯ ಎದುರು ನಿಲ್ಲುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಅಪ್ಪ ಜಮೀನಿನ ಕಾಗದ ಹಿಡಿದು ಕಚೇರಿಯ ಮೆಟ್ಟಿಲಲ್ಲಿ ಕೂತು, ಓದಿ ಹೇಳುವವರು ಬರಲೆಂದು ಕಾಯುತ್ತಿದ್ದರು. ಅವರ ಮುಖದಲ್ಲೂ ಆ ಹುಡುಗನ ನಗುವೇ ಇರುತ್ತಿತ್ತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಟೀಚರುಗಳೂ ಕಾಸರಗೋಡಿನ ಬೀದಿಗಿಳಿದಿದ್ದೆವು. ನಮಗೆ ಬೇಕಾದ್ದನ್ನು ನಮ್ಮ ಭಾಷೆಯಲ್ಲಿ ಹೇಳಿ ಎಂದು ಗಂಟಲು ಹರಿಯುವಷ್ಟು ಕೂಗಿದವಳು ನಾನು. ಅದೇ ನಾನು, ಎರಡು ಭಾಷೆಯ ನಡುವೆ ಕೂತು, ಮಾತೆತ್ತಲಿಲ್ಲ. ಮಲಯಾಳ ಬರುತ್ತದೆ. ಹಿಂದಿ ಶಾಲೆಯಲ್ಲಿ ಕಲಿತಷ್ಟು ಬರುತ್ತದೆ. ಚೀಲದೊಳಗಿನ ಡಬ್ಬಿ ಬಾಯಿ ಕಟ್ಟಿತೋ, ಖಾಕಿಯ ಭಯವೋ, ಬಂಗಾಳಿ ತಾನೇ ಎಂಬ ನನ್ನೊಳಗಿನ ಕೊಳಕೋ. ಮೂರನೆಯದೂ ಇತ್ತು ಎಂದು ಒಪ್ಪಿಕೊಳ್ಳಬೇಕು.

ಕುಂಬಳೆಯಲ್ಲಿ ಬಸ್ಸು ಬದಲಿಸಿ ಬದಿಯಡ್ಕ ಮುಟ್ಟುವಾಗ ಸಂಜೆಯಾಗಿತ್ತು. ಅಣ್ಣ ಎಲೆಯಡಕೆ ಹರಿವಾಣ ಮುಂದಿಟ್ಟುಕೊಂಡು ಕೂತಿದ್ದ. 1992ರಲ್ಲಿ ನಮ್ಮ ದೇಶದ ಕಮ್ಯುನಿಸ್ಟರು ಕ್ಯೂಬಾಕ್ಕೆ 10,000 ಟನ್ ಗೋಧಿ ಕಳಿಸಿದಾಗ ಮನೆಮನೆಗೆ ಹೋಗಿ ದುಡ್ಡು ಕೂಡಿಸಿದವ ಅವ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಮೂಸಿದ, ಕಣ್ಣಲ್ಲಿ ನೀರು ತಂದುಕೊಂಡ. ನಾನು ಬಸ್ಸಿನ ಕಥೆ ಹೇಳಿದೆ. ಡಬ್ಬಿ ಕೆಳಗಿಟ್ಟ.

"ನಿನಗೆ ಹಿಂದಿ ಬರ್ತದಲ್ಲ?"

"ಬರ್ತದೆ."

"ಎಂತ ಹೇಳ್ಬಹುದಿತ್ತು ಅವನಿಗೆ?"

ನಾನು ಹೇಳಿದೆ. "ಭಾಯಿ, ಕೇರಲ್ ಮೇ ಯೇ ಮನಾ ಹೈ. ಸಾಬ್ ಕೋ ದೇ ದೋ."

ಅಣ್ಣ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮತ್ತೆ ಅವ, "ಖಾಕಿಯವರಿಗೆ?" ಎಂದ. ಅದನ್ನೂ ಹೇಳಿದೆ, ಮಲಯಾಳದಲ್ಲಿ: ಅವನಿಗೆ ನೀವು ಹೇಳಿದ್ದು ತಿಳಿದಿಲ್ಲ, ಸಾರ್, ಸ್ವಂತಕ್ಕೆ ತಂದದ್ದು ಅಂತಿದ್ದಾನೆ.

ಡಬ್ಬಿ ಮೂರು ದಿನದಿಂದ ಜಗಲಿಯ ಮೇಜಿನ ಮೇಲೆ ಇಟ್ಟಲ್ಲೇ ಇದೆ.